ಏಳು ಭಾಷೆಗಳ ಅಂಗಳದಿಂದ ಹೊರಟವರು

ಇಂದಿನ ಯುವಜನರಲ್ಲಿ ಜಿಜ್ಞಾಸೆಯೆಂಬುದು ಉಳಿದಿಲ್ಲ ಎಂಬ ಆಕ್ಷೇಪವು ಈಚೆಗೆ ಮದುವೆಯ ಚಪ್ಪರದಲ್ಲಿಯೂ ಸಹಕಾರಿ ಸಂಘದ ಮಹಾಸಭೆಯಲ್ಲಿಯೂ ಬಸ್ಸು ತಂಗುದಾಣದಲ್ಲಿಯೂ ಕೇಳಿಬರುತ್ತಿದೆ. ಯಾವ ಪ್ರಶ್ನೆಗಾದರೂ ಉತ್ತರವು ಅಂಗೈಯ ಯಂತ್ರದಲ್ಲಿಯೇ ದೊರಕುವಾಗ ಕೇಳಬೇಕೆಂಬ ಚಪಲವೇ ಸತ್ತುಹೋಗಿದೆ ಎಂಬುದು ಹಿರಿಯರ ವಾದ. ಹೀಗೆ ವಾದಿಸುವವರಲ್ಲಿ ನಮ್ಮ ವಯಸ್ಸಿನವರೇ ಅಧಿಕ. ಆದರೆ ಮೂರು ದಶಕಗಳಿಂದ ಕಾಸರಗೋಡಿನ ಒಳನಾಡಿನ ಹಳ್ಳಿಯ ಶಾಲೆಯಲ್ಲಿ ಮಕ್ಕಳ ನಡುವೆಯೇ ಬಾಳಿ ಬಂದ ನಮಗೆ, ಈ ಮಾತನ್ನು ಪರಾಮರ್ಶಿಸದೆ ಅಂಗೀಕರಿಸುವುದು ಉಚಿತವೆಂದು ತೋರಲಿಲ್ಲ. ಆರೋಪಿಯನ್ನು ವಿಚಾರಿಸದೆ ತೀರ್ಪು ಕೊಡುವುದುಂಟೆ?

ಆದುದರಿಂದ ನಮ್ಮ ಶಾಲೆಯಲ್ಲಿ ಕಲಿತು ಈಗ ಉದ್ಯೋಗದಲ್ಲಿರುವ, ಇಪ್ಪತ್ತೈದರಿಂದ ಮೂವತ್ತೈದರೊಳಗಿನ ಕೆಲವು ಮಂದಿ ಹಳೆಯ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದೆವು. ಬಾಲ್ಯದಲ್ಲಿ ನಿಮ್ಮನ್ನು ಮೊದಲು ಕಾಡಿದ ಕುತೂಹಲ ಯಾವುದು? ಹಲವು ಭಾಷೆ, ಹಲವು ಮತಗಳ ನಡುವೆ ಬೆಳೆದುದರಿಂದ ನಿಮಗೆ ಆದ ಲಾಭವೇನು, ನಷ್ಟವೇನು? ನಿಮ್ಮ ತಲೆಮಾರನ್ನು ನೀವು ಹೇಗೆ ತಿಳಿದುಕೊಂಡಿದ್ದೀರಿ? ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರನೊಬ್ಬ, ಮಂಗಳೂರಿನಲ್ಲಿ ದಾದಿಯಾಗಿರುವವಳೊಬ್ಬಳು, ದೆಹಲಿಯಲ್ಲಿ ವಕೀಲಿ ವೃತ್ತಿ ಹಿಡಿದವನು, ದುಬೈಯಲ್ಲಿ ಲೆಕ್ಕಪತ್ರ ನೋಡುವವನು, ಜರ್ಮನಿಯಲ್ಲಿ ಸಂಶೋಧನೆ ನಡೆಸುತ್ತಿರುವವಳು, ಊರಿನಲ್ಲಿಯೇ ಅಡಿಕೆ ತೋಟ ನೋಡಿಕೊಂಡು ಬಿಡುವಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುವವನು ಮುಂತಾಗಿ ಹಲವರು ಉತ್ತರಿಸಿದರು. ಹೆಸರುಗಳನ್ನು ಇಲ್ಲಿ ಬಹಿರಂಗಗೊಳಿಸುವುದಿಲ್ಲ. ಉತ್ತರಗಳು ಅಂಚೆಯಲ್ಲಿ ಬಂದವೆಂದು ಯಾರೂ ಭಾವಿಸಬಾರದು. ಎಲ್ಲವೂ ಮೊಬೈಲಿನಲ್ಲಿಯೇ ಬಂದವು. ಇಬ್ಬರು ಬರೆಯುವ ಬದಲು ಧ್ವನಿಯನ್ನೇ ಮುದ್ರಿಸಿ ಕಳುಹಿಸಿದರು. ಒಬ್ಬಳ ಕನ್ನಡ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಅದನ್ನು ಓದುವಷ್ಟರಲ್ಲಿ ನಮ್ಮ ಕನ್ನಡಕ ಎರಡು ಬಾರಿ ಒರೆಸಲ್ಪಟ್ಟಿತು.

ಸೊಲ್ಲಾಪುರ, ತಾಳವಾಡಿ, ಆದವಾನಿಗಳ ಕಡೆಯ ವಾಚಕರಿಗಾಗಿ ನಮ್ಮ ನೆಲದ ವಿಷಯದಲ್ಲಿ ಎರಡು ಮಾತು ಹೇಳಬೇಕು. ಕಾಸರಗೋಡಿಗೆ ‘ಸಪ್ತಭಾಷಾ ಸಂಗಮಭೂಮಿ’ ಎಂಬ ಹೆಸರುಂಟು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ, ಉರ್ದು ಎಂದು ಏಳನ್ನು ಎಣಿಸುವುದು ರೂಢಿ. ಹವ್ಯಕರ ಮನೆಮಾತು, ಕರಾಡರ ಮನೆಮಾತು, ಕೊರಗರ ಭಾಷೆ ಇವುಗಳನ್ನೂ ಸೇರಿಸಿದರೆ ಎಣಿಕೆ ಬೆಳೆಯುತ್ತದೆ. ಮಧೂರಿನ ದೇವಾಲಯ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಇಗರ್ಜಿ ಇವೆಲ್ಲ ಒಂದೇ ತಾಲೂಕಿನೊಳಗಿವೆ. ಕುಂಬಳೆಯ ಸಮೀಪದ ಆರಿಕ್ಕಾಡಿಯಲ್ಲಿ ಆಲಿ ಭೂತವೆಂಬ ಮುಸಲ್ಮಾನ ದೈವಕ್ಕೆ ಹಿಂದೂಗಳ ಸ್ಥಾನದಲ್ಲಿಯೇ ಕೋಲ ನಡೆಯುತ್ತದೆ. ಇಂಥ ಸಂಗತಿಗಳು ನಮಗೆ ಆಶ್ಚರ್ಯವನ್ನುಂಟುಮಾಡುವುದಿಲ್ಲ. ಹೊರಗಿನಿಂದ ಬಂದವರು ಆಶ್ಚರ್ಯಪಟ್ಟಾಗ ಮಾತ್ರ ಇದೊಂದು ವಿಶೇಷವೆಂದು ನಮಗೆ ಹೊಳೆಯುತ್ತದೆ.

ಪಾಲು, ಹಾಲು ಮತ್ತು ಪೇರು

ಮೊದಲನೆಯ ಪ್ರಶ್ನೆಗೆ ಆಕಾಶದ ನಕ್ಷತ್ರ, ರೇಡಿಯೋದ ಒಳಗಿನ ಮನುಷ್ಯ, ರೈಲಿನ ಹೊಗೆ ಎಂಬಂಥ ಉತ್ತರಗಳನ್ನು ನಾವು ನಿರೀಕ್ಷಿಸಿದ್ದೆವು. ಆದರೆ ಬಹುಮಂದಿ ಬರೆದುದು ಮಾತಿನ ವಿಷಯವನ್ನೇ. ನೆರೆಮನೆಯವರು ಜಗಳವಾಡುವಾಗ ಅರ್ಧ ಮಾತ್ರ ಅರ್ಥವಾಗುತ್ತಿತ್ತು, ಉಳಿದರ್ಧಕ್ಕಾಗಿ ಬೇಲಿಯ ಬಳಿ ನಿಂತು ಕಿವಿಗೊಡುತ್ತಿದ್ದೆ ಎಂದು ಇಂದಿನ ಲೆಕ್ಕಪತ್ರ ತಜ್ಞನು ಬರೆದಿದ್ದಾನೆ. ಆತನ ಮನೆಯಲ್ಲಿ ತುಳು; ನೆರೆಯಲ್ಲಿ ಕೊಂಕಣಿ. ದಾದಿಯಾಗಿರುವವಳ ಮನೆಮಾತು ಮಲಯಾಳ. ಒಂದನೆಯ ತರಗತಿಯ ಮೊದಲ ವಾರದಲ್ಲಿ ಅಧ್ಯಾಪಕಿಯು ‘ಹಾಜರಿ ಪಟ್ಟಿ ತೆಗೆದುಕೊಂಡು ಬಾ’ ಎಂದಾಗ ಈಕೆ ಬೆದರಿ ಬಾಗಿಲಿನ ಕಡೆಗೆ ನೋಡಿದಳಂತೆ. ಮಲಯಾಳದಲ್ಲಿ ಪಟ್ಟಿಯೆಂದರೆ ನಾಯಿ! ಶಾಲೆಯಲ್ಲಿ ನಾಯಿಯನ್ನೇಕೆ ತರಬೇಕು, ಅದಕ್ಕೆ ಹಾಜರಿಯೇಕೆ ಎಂಬ ಸಂಶಯ ಆ ಮಗುವನ್ನು ಸಂಜೆಯವರೆಗೆ ಬಾಧಿಸಿತು. ಮನೆಗೆ ಹೋಗಿ ಅಜ್ಜನಲ್ಲಿ ವಿಚಾರಿಸಿದಳು. ಒಂದೇ ಶಬ್ದಕ್ಕೆ ಎರಡು ಮನೆಯಲ್ಲಿ ಎರಡು ಅರ್ಥ ಇರಬಹುದೆಂದು ತನಗೆ ತಿಳಿದ ದಿನ ಅದು ಎಂದು ಬರೆದಿದ್ದಾಳೆ.

ಜರ್ಮನಿಯಲ್ಲಿರುವವಳ ಉತ್ತರವು ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು. ಆಕೆ ನಾಲ್ಕನೆಯ ತರಗತಿಯಲ್ಲಿದ್ದಾಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಶಬ್ದಗಳನ್ನು ಜೋಡಿಸಿ ಬರೆಯುತ್ತಿದ್ದಳು. ಮಲಯಾಳದ ವಾಳ ಕನ್ನಡದಲ್ಲಿ ಬಾಳೆ. ವೇರ್ ಎಂಬುದು ಬೇರು. ವಿಲ್ಲ್ ಎಂಬುದು ಬಿಲ್ಲು. ಅಲ್ಲಿಯ ವಕಾರ ಇಲ್ಲಿ ಬಕಾರವಾಗುತ್ತದೆ ಎಂದು ಕಂಡುಕೊಂಡಳು. ಅನಂತರ ಪಕಾರಕ್ಕೆ ಬಂದಳು. ಮಲಯಾಳದಲ್ಲಿ ಪಾಲ್, ಕನ್ನಡದಲ್ಲಿ ಹಾಲು. ಅಲ್ಲಿ ಪಲ್ಲ್, ಇಲ್ಲಿ ಹಲ್ಲು. ಅಲ್ಲಿ ಪತ್ತ್, ಇಲ್ಲಿ ಹತ್ತು. ತುಳುವಿನಲ್ಲಿಯೂ ಹತ್ತಕ್ಕೆ ಪತ್ತ್, ಹೂವಿಗೆ ಪೂ, ಹುಲಿಗೆ ಪಿಲಿ. ಹಾಗಾದರೆ ಕನ್ನಡ ಮಾತ್ರ ಏಕೆ ಪಕಾರವನ್ನು ಬಿಟ್ಟಿತು ಎಂದು ಆಕೆ ನಮ್ಮ ಮೇಜಿನ ಬಳಿ ಬಂದು ಕೇಳಿದ್ದು ನಮಗೂ ನೆನಪಿದೆ. ಕನ್ನಡವೂ ಒಂದು ಕಾಲದಲ್ಲಿ ಪಾಲ್, ಪುಲಿ, ಪೂ ಎಂದೇ ನುಡಿಯುತ್ತಿತ್ತು, ಪಂಪನ ಕಾಲದ ಕನ್ನಡ ಹಾಗೆಯೇ ಇತ್ತು, ಅನಂತರದ ಶತಮಾನಗಳಲ್ಲಿ ಪಕಾರ ಹಕಾರಕ್ಕೆ ತಿರುಗಿತು ಎಂದು ತಿಳಿಸಿದೆವು. ಹಾಲಿಗೆ ಮಾತ್ರ ತುಳುವಿನಲ್ಲಿ ಪೇರ್ ಎನ್ನುತ್ತಾರೆ, ಅದು ನಿಯಮಕ್ಕೆ ಕೂಡುವುದಿಲ್ಲವಲ್ಲ ಎಂದು ಕೂಡಲೇ ಮರುಪ್ರಶ್ನೆ ಬಂತು. ನಿಯಮವನ್ನು ಕಂಡುಹಿಡಿಯುವ ಮಕ್ಕಳು ಉಂಟು. ನಿಯಮಕ್ಕೆ ಹೊರತಾದುದನ್ನು ಹಿಡಿದು ತರುವ ಮಕ್ಕಳು ಅಪರೂಪ. ಇಂದು ಆಕೆಯ ಸಂಶೋಧನೆ ಭಾಷೆಯ ವಿಷಯದಲ್ಲಲ್ಲ, ಸಸ್ಯಗಳ ರೋಗದ ವಿಷಯದಲ್ಲಿ. ಆದರೆ ತಾನು ಪ್ರಯೋಗಶಾಲೆಯಲ್ಲಿ ಮಾಡುವುದು ಆ ಕೊನೆಯ ಪುಟದ ಕೆಲಸವನ್ನೇ ಎಂದು ಹೇಳಿಕೊಂಡಿದ್ದಾಳೆ.

ಅಂದ ಹಾಗೆ, ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು ಕಾಲ್ಡ್‌ವೆಲ್ ಪ್ರಕಟಿಸಿದುದು 1856ರಲ್ಲಿ. ಅದರಲ್ಲಿ ದೊಡ್ಡದಾಗಿ ನಿರೂಪಿತವಾದ ಸಂಬಂಧಗಳ ಒಂದು ಚೂರನ್ನು ನಮ್ಮ ಹಳ್ಳಿಯ ಒಂಬತ್ತು ವರ್ಷದ ಹುಡುಗಿ ತಾನಾಗಿ ಕಂಡುಕೊಳ್ಳುವುದಕ್ಕೆ ಕಾರಣ ಆಕೆಯ ಬುದ್ಧಿಯೊಂದೇ ಅಲ್ಲ. ಊಟದ ಪಂಕ್ತಿಯಲ್ಲಿ ಎಡಕ್ಕೊಂದು ಭಾಷೆ, ಬಲಕ್ಕೊಂದು ಭಾಷೆ ಕೇಳಿಸುತ್ತಿದ್ದುದೂ ಹೌದು.

ನಾವು ಮಾಯಿಪ್ಪಾಡಿಯಲ್ಲಿ ಅಧ್ಯಾಪಕ ತರಬೇತಿ ಪಡೆಯುತ್ತಿದ್ದಾಗ ‘ತಿಳಿದುದರಿಂದ ತಿಳಿಯದುದರೆಡೆಗೆ’ ಎಂಬ ಬೋಧನಾ ಸೂತ್ರವನ್ನು ಪಾಠಟಿಪ್ಪಣಿಯ ಪ್ರತಿಯೊಂದು ಹಾಳೆಯಲ್ಲಿಯೂ ಬರೆಯಬೇಕಾಗಿತ್ತು. ಅದರ ಮರ್ಮವನ್ನು ಬೇರೊಂದು ದಿಕ್ಕಿನಿಂದ ವಿವರಿಸಿದವರು ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾರ್ಜ್ ಲೋವೆನ್‌ಸ್ಟೈನ್. 1994ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಕುತೂಹಲವನ್ನು ‘ತಿಳಿವಿನ ಕಂದರ’ ಎಂಬ ಭಾವನೆಯಿಂದ ನಿರೂಪಿಸಿದರು. ಏನೂ ತಿಳಿಯದ ವಿಷಯದಲ್ಲಿ ನಮಗೆ ಕುತೂಹಲ ಹುಟ್ಟುವುದಿಲ್ಲ; ಸ್ವಲ್ಪ ತಿಳಿದಿದ್ದು ಉಳಿದುದು ತಿಳಿದಿಲ್ಲವೆಂಬ ಅರಿವು ಮೂಡಿದಾಗಲೇ ತುರಿಕೆ ಆರಂಭವಾಗುತ್ತದೆ ಎಂಬುದು ಅದರ ತಾತ್ಪರ್ಯ. ಪೂರ್ಣವಾಗಿ ಅಪರಿಚಿತವಾದ ಭಾಷೆ ಬರಿಯ ಗದ್ದಲ. ಪೂರ್ಣವಾಗಿ ತಿಳಿದ ಭಾಷೆ ಗಾಳಿಯಂತೆ, ಗಮನಕ್ಕೇ ಬಾರದು. ಅರ್ಧ ತಿಳಿದ ಭಾಷೆಯೇ ಮಗುವನ್ನು ಬೇಲಿಯ ಬಳಿ ನಿಲ್ಲಿಸುವುದು. ನಮ್ಮ ಕಡೆಯ ಮಕ್ಕಳು ಇಂಥ ಮೂರು ನಾಲ್ಕು ಅರ್ಧಗಳ ನಡುವೆ ಬೆಳೆಯುತ್ತಾರೆ.

ಹಾಗೆ ಬೆಳೆದ ಹಿರಿಯರನ್ನು ನೆನೆಯೋಣ. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಬರೆದುದು ಕನ್ನಡ. 1949ರಲ್ಲಿ ಮದ್ರಾಸ್ ಸರಕಾರವು ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು. ಕ್ರಿಸ್ತನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನದ ಬಗ್ಗೆ ‘ವೈಶಾಖಿ’ ಬರೆದವರು ಅವರೇ. ಸಾರಾ ಅಬೂಬಕ್ಕರ್ ಹುಟ್ಟಿದುದು 1936ರಲ್ಲಿ ಕಾಸರಗೋಡಿನಲ್ಲಿ, ಮಲಯಾಳ ಮಾತನಾಡುವ ಮುಸಲ್ಮಾನ ಕುಟುಂಬದಲ್ಲಿ. ಓದಿದುದು ಕನ್ನಡ ಶಾಲೆಯಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಮೂಲಕ ಅವರು ತಮ್ಮ ಸಮಾಜದ ಸ್ತ್ರೀಯರ ಅಳಲನ್ನು ಕನ್ನಡಿಗರಿಗೆ ತಿಳಿಸಿದರು. ಮಲಯಾಳದಿಂದ ಹಲವು ಕೃತಿಗಳನ್ನು ಕನ್ನಡಕ್ಕೆ ತಂದರು. ಕಾರಡ್ಕದ ಕೆ. ವಿ. ತಿರುಮಲೇಶರು ಹೈದರಾಬಾದಿನಲ್ಲಿ ಭಾಷಾವಿಜ್ಞಾನವನ್ನು ಬೋಧಿಸುತ್ತ ಕನ್ನಡದಲ್ಲಿ ಕಾವ್ಯ ಬರೆದು, ‘ಅಕ್ಷಯ ಕಾವ್ಯ’ಕ್ಕಾಗಿ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರರಾದರು. ಸಾರಾ ಅವರೂ ತಿರುಮಲೇಶರೂ 2023ರ ಜನವರಿ ಒಂದೇ ತಿಂಗಳಿನಲ್ಲಿ ತೀರಿಕೊಂಡುದು ಗಡಿನಾಡಿಗೆ ಒದಗಿದ ದೊಡ್ಡ ನಷ್ಟ. ಅವರ ಪುಸ್ತಕಗಳು ನಮ್ಮ ಶಾಲೆಯ ಕಪಾಟಿನಲ್ಲಿವೆ. ಮಕ್ಕಳು ಕೇಳಿದರೆ ಕಪಾಟಿನ ಬೀಗ ತೆರೆಯುವುದಕ್ಕೆ ನಾವು ಯಾವ ಸಮಯವನ್ನೂ ನೋಡುವುದಿಲ್ಲ.

ಎಲ್ಲಿಯವನು ನೀನು?

ಎರಡನೆಯ ಪ್ರಶ್ನೆಯ ‘ನಷ್ಟ’ ಎಂಬ ಭಾಗಕ್ಕೆ ದೀರ್ಘವಾದ ಉತ್ತರಗಳು ಬಂದವು. ಸಪ್ತಭಾಷೆಯ ಹೆಮ್ಮೆಯನ್ನು ಸಭೆಗಳಲ್ಲಿ ಸಾರುವ ನಮ್ಮಂಥವರು ಇವನ್ನು ತಾಳ್ಮೆಯಿಂದ ಓದಬೇಕು.

ಬೆಂಗಳೂರಿನ ಇಂಜಿನಿಯರನ ಗುರುತಿನ ಚೀಟಿಯಲ್ಲಿ ಕೇರಳದ ವಿಳಾಸವಿದೆ. ಆದುದರಿಂದ ಬಾಡಿಗೆ ಮನೆಯ ಯಜಮಾನರು ಆತನನ್ನು ‘ಮಲಯಾಳಿ’ ಎಂದರು. ಆತ ಕನ್ನಡದಲ್ಲಿ ಉತ್ತರಿಸಿದಾಗ ‘ಚೆನ್ನಾಗಿ ಕಲಿತಿದ್ದೀರಿ’ ಎಂದು ಮೆಚ್ಚಿದರು. ತಾಯಿಯ ಹಾಲಿನೊಂದಿಗೆ ಬಂದ ಭಾಷೆಗೆ ಪರವೂರಿನವನಿಗೆ ಕೊಡುವ ಶಹಬಾಸ್‌ಗಿರಿ! ಅದೇ ಮನುಷ್ಯ ತಿರುವನಂತಪುರಕ್ಕೆ ಪರೀಕ್ಷೆಗೆ ಹೋದಾಗ ಆತನ ಮಲಯಾಳವನ್ನು ಕೇಳಿದವರು ‘ಕರ್ನಾಟಕದವನೋ’ ಎಂದರು. ದೆಹಲಿಯ ವಕೀಲನದು ಇನ್ನೊಂದು ಬಗೆ. ಅಲ್ಲಿ ಕಾಸರಗೋಡೆಂದರೆ ಯಾರಿಗೂ ತಿಳಿಯದು. ಆಗ ಆತ ‘ಕೇಶವಾನಂದ ಭಾರತಿಯವರ ಊರು’ ಎನ್ನುತ್ತಾನಂತೆ. ಎಡನೀರು ಮಠದ ಸ್ವಾಮಿಗಳು ಕೇರಳ ರಾಜ್ಯದ ವಿರುದ್ಧ ಹೂಡಿದ ದಾವೆಯಲ್ಲಿ 13 ಮಂದಿ ನ್ಯಾಯಾಧೀಶರ ಪೀಠವು 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲರಚನೆಯ ತತ್ತ್ವವನ್ನು ಸಾರಿದುದನ್ನು ಅರಿಯದ ವಕೀಲರಿಲ್ಲ. ‘ಆ ಮಠ ನಮ್ಮ ಮನೆಯಿಂದ ಸೈಕಲ್ ದೂರದಲ್ಲಿದೆ ಎಂದರೆ ಹಿರಿಯ ವಕೀಲರು ಕೂಡ ತಲೆಯೆತ್ತಿ ನೋಡುತ್ತಾರೆ’ ಎಂದು ಆತ ಬರೆದಿದ್ದಾನೆ. ಇನ್ನು ಬೆಂಗಳೂರಿನವರಿಗೆ ನಮ್ಮೂರು ಪರಿಚಯವಾದುದು ಸಿನಿಮಾದಿಂದ. 2018ರಲ್ಲಿ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಆ ಮೇಲೆ ಕಚೇರಿಯ ಸಹೋದ್ಯೋಗಿಗಳು ‘ನಿಮ್ಮ ಶಾಲೆಯೂ ಹಾಗೆಯೇ ಇತ್ತೇ’ ಎಂದು ನಗುನಗುತ್ತ ಕೇಳುತ್ತಾರಂತೆ. ಚಿತ್ರದಲ್ಲಿ ನಗು ಉಂಟು, ಆದರೆ ಕನ್ನಡ ಅರಿಯದ ಅಧ್ಯಾಪಕರ ಮುಂದೆ ಕುಳಿತ ಮಕ್ಕಳ ಅವಸ್ಥೆ ನಗುವಂಥದಲ್ಲವೆಂಬುದನ್ನು ನಾವು ಬಲ್ಲೆವು.

ಇಂಥ ‘ಎಲ್ಲಿಯೂ ಪೂರ್ತಿ ಸೇರದ’ ಸ್ಥಿತಿಗೆ ಪಾಶ್ಚಾತ್ಯರಲ್ಲಿ ಒಂದು ಹೆಸರಿದೆ. 1950ರ ದಶಕದಲ್ಲಿ ರೂತ್ ಹಿಲ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆಯು ಪತಿಯೊಂದಿಗೆ ಭಾರತಕ್ಕೆ ಬಂದು, ಇಲ್ಲಿ ನೆಲೆಸಿದ್ದ ಅಮೆರಿಕನ್ನರ ಜೀವನವನ್ನು ಅಭ್ಯಸಿಸಿದರು. ಹೆತ್ತವರ ಸಂಸ್ಕೃತಿಗೂ ಪೂರ್ತಿ ಸೇರದೆ, ನೆಲೆಸಿದ ದೇಶದ ಸಂಸ್ಕೃತಿಗೂ ಪೂರ್ತಿ ಸೇರದೆ ಬೆಳೆಯುವ ಮಕ್ಕಳನ್ನು ಅವರು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಕರೆದರು. ಇಂದು ಆ ಪದ ಲೋಕಪ್ರಸಿದ್ಧವಾಗಿದೆ. ದುಬೈಯಲ್ಲಿ ಹುಟ್ಟುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಅದು ಸರಿಯಾಗಿಯೇ ಅನ್ವಯಿಸೀತು. ಆದರೆ ಕಾಸರಗೋಡಿನ ಮಕ್ಕಳದು ಸ್ವಲ್ಪ ಬೇರೆ. ಯೂಸೀಮ್ ಕಂಡ ಮಕ್ಕಳು ಹಡಗು ಹತ್ತಿ ಸಮುದ್ರ ದಾಟಿದವರು. ನಮ್ಮ ಹಿರಿಯರು ಜಗಲಿಯಿಂದ ಕೆಳಗಿಳಿಯಲೂ ಇಲ್ಲ. 1956ರ ನವೆಂಬರ್ 1ರಂದು ರಾಜ್ಯವೇ ಅವರ ಜಗಲಿಯನ್ನು ದಾಟಿ ಹೋಯಿತು. ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಅಂದು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ವರದಿಯಿತ್ತರೂ ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಒಂದು ತಲೆಮಾರನ್ನು ತಲೆಮಾರನ್ನಾಗಿ ಮಾಡುವುದು

ಮೂರನೆಯ ಪ್ರಶ್ನೆಯನ್ನು ಕೇಳುವಾಗ ನಮ್ಮ ಮನಸ್ಸಿನಲ್ಲಿದ್ದುದು ಕಾರ್ಲ್ ಮನ್‌ಹೈಮ್ ಎಂಬ ವಿದ್ವಾಂಸರ ಒಂದು ವಿಚಾರ. 1893ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿ, 1919ರಲ್ಲಿ ಹಂಗೇರಿಯನ್ನು ಬಿಟ್ಟು ಜರ್ಮನಿಗೆ ಹೋಗಿ, 1933ರಲ್ಲಿ ಅಲ್ಲಿಂದಲೂ ಹೊರದೂಡಲ್ಪಟ್ಟು ಲಂಡನ್ ಸೇರಿದ ಅವರೂ ಒಂದು ಬಗೆಯ ಗಡಿನಾಡಿಗರೇ. 1928ರಲ್ಲಿ ಪ್ರಕಟವಾದ ತಲೆಮಾರುಗಳ ಸಮಸ್ಯೆಯನ್ನು ಕುರಿತ ಪ್ರಬಂಧದಲ್ಲಿ ಅವರು, ಒಂದೇ ವರ್ಷದಲ್ಲಿ ಹುಟ್ಟಿದ ಮಾತ್ರಕ್ಕೆ ಜನರು ಒಂದು ತಲೆಮಾರಾಗುವುದಿಲ್ಲ. ಎಳೆಯ ಪ್ರಾಯದಲ್ಲಿ ಒಂದೇ ದೊಡ್ಡ ಘಟನೆಯನ್ನು ಒಟ್ಟಿಗೆ ಅನುಭವಿಸಿದವರು ಮಾತ್ರ ತಲೆಮಾರಾಗುತ್ತಾರೆ ಎಂದರು. ಆ ಒಂದೇ ಘಟನೆಗೆ ಬೇರೆ ಬೇರೆ ಗುಂಪುಗಳು ಬೇರೆ ಬೇರೆಯಾಗಿ ಪ್ರತಿಕ್ರಿಯಿಸುವುದೂ ಉಂಟೆಂದರು.

ನಮ್ಮ ಅಜ್ಜಂದಿರಿಗೆ ಅಂಥ ಘಟನೆ 1956. ನಮ್ಮ ಅಣ್ಣಂದಿರ ವಯಸ್ಸಿನವರಿಗೆ ಗಲ್ಫ್ ದೇಶಗಳ ದಾರಿ ತೆರೆದುಕೊಂಡುದು. ಆದರೆ ಈಗಿನವರಿಗೆ ಯಾವುದು? ಇಂಟರ್‌ನೆಟ್ ಎಂದೇ ನಾವು ಊಹಿಸಿದ್ದೆವು. ಅವರಲ್ಲಿ ಹೆಚ್ಚಿನವರು ಬರೆದುದು 2020ರ ಮಾರ್ಚ್ ತಿಂಗಳನ್ನು.

ವಾಚಕರಿಗೆ ನೆನಪಿರಬಹುದು. ಕೋವಿಡ್ ಸೋಂಕು ಹರಡುತ್ತದೆಂಬ ಭಯದಿಂದ ಆ ತಿಂಗಳಿನಲ್ಲಿ ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳನ್ನು ಮುಚ್ಚಲಾಯಿತು. ಒಳರಸ್ತೆಗಳಿಗೆ ಲಾರಿಗಟ್ಟಲೆ ಮಣ್ಣು ಸುರಿಯಲಾಯಿತು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ರಾಜಧಾನಿ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಅಧಿಕ. ಹೆರಿಗೆಯಿಂದ ಹೃದ್ರೋಗದವರೆಗೆ ನಮ್ಮವರು ತಲೆಮಾರುಗಳಿಂದ ನಂಬಿದುದು ಮಂಗಳೂರಿನ ಆಸ್ಪತ್ರೆಗಳನ್ನೇ. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ಹಿಂದಿರುಗಿದವು. ಚಿಕಿತ್ಸೆಗೆ ತಲಪಲಾರದೆ ರೋಗಿಗಳು ಮೃತಪಟ್ಟ ವಾರ್ತೆಗಳು ಒಂದರ ಮೇಲೊಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆಗಳನ್ನು ತೆರೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ರೋಗಿಗಳ ಪ್ರವೇಶಕ್ಕೆ ನಿಯಮಗಳು ರೂಪುಗೊಂಡ ಬಳಿಕ ಏಪ್ರಿಲ್ 7ರಂದು ಇತ್ಯರ್ಥವಾಯಿತು.

ದಾದಿಯಾಗಿರುವವಳು ಆ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದಳು. ಮನೆ ಗಡಿಯ ಈಚೆಗೆ. ಮೂತ್ರಪಿಂಡದ ತೊಂದರೆಯಿದ್ದ ಆಕೆಯ ಅಜ್ಜನು ಯಾವ ಊರಿಗೆ ವಾರಕ್ಕೆರಡು ಬಾರಿ ಹೋಗುತ್ತಿದ್ದನೋ ಆ ಊರಿನಲ್ಲಿ ಮೊಮ್ಮಗಳು ಬೇರೆಯವರ ಅಜ್ಜಂದಿರ ಶುಶ್ರೂಷೆ ಮಾಡುತ್ತಿದ್ದಳು. ಅಜ್ಜನನ್ನು ಕಣ್ಣೂರಿನ ಕಡೆಗೆ ಕೊಂಡೊಯ್ದು ಹೇಗೋ ನಿಭಾಯಿಸಿದರು, ಆತ ಬದುಕಿದ. ಹಾಜರಿ ಪಟ್ಟಿಯ ಸಂಶಯವನ್ನು ಪರಿಹರಿಸಿದ ಅಜ್ಜನೇ ಆತ. ‘ಆ ವರೆಗೆ ಗಡಿಯೆಂಬುದು ಪಾಠಪುಸ್ತಕದ ನಕ್ಷೆಯಲ್ಲಿ ಮಾತ್ರ ಇತ್ತು, ಮಾಸ್ತರೇ. ಆ ದಿನ ಅದು ಆಳೆತ್ತರದ ಮಣ್ಣಾಗಿ ಕಂಡಿತು’ ಎಂದು ಆಕೆಯ ಧ್ವನಿಮುದ್ರಿಕೆಯಲ್ಲಿದೆ. ಆ ಮಾತನ್ನು ಆಕೆ ಕನ್ನಡದಲ್ಲಿ ಹೇಳಿದ್ದಾಳೆ. ಅಜ್ಜನ ಮಾತು ಬಂದಾಗ ಮಾತ್ರ ಮಲಯಾಳಕ್ಕೆ ಹೊರಳಿದ್ದಾಳೆ.

ಮನ್‌ಹೈಮ್ ಹೇಳಿದಂತೆಯೇ ಒಂದೇ ಮಣ್ಣಿನ ರಾಶಿಯನ್ನು ಕಂಡವರ ನಿಲುವುಗಳು ಬೇರೆಯಾದವು. ಇಂಜಿನಿಯರನು, ಕಷ್ಟಕಾಲದಲ್ಲಿ ಕನ್ನಡವೆಂಬ ನೆಂಟಸ್ತಿಕೆ ಕೆಲಸಕ್ಕೆ ಬರಲಿಲ್ಲವೆಂದು ನೊಂದು ಬರೆದಿದ್ದಾನೆ. ಅಡಿಕೆ ತೋಟದವನು, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆ ಏಪ್ರಿಲಿನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆಯನ್ನಾಗಿ ಮಾಡಿದುದನ್ನು ಕಂಡು, ನಮ್ಮ ನೆಲದಲ್ಲಿಯೇ ಆಸ್ಪತ್ರೆ ಬೇಕೆಂದು ಕೇಳುವುದನ್ನು ನಮ್ಮ ಹಿರಿಯರು ಏಕೆ ಮರೆತಿದ್ದರು ಎಂದು ಪ್ರಶ್ನಿಸಿದ್ದಾನೆ. ದುಬೈಯವನಿಗೆ ಎರಡೂ ರಾಜ್ಯಗಳ ಮೇಲೆ ಸಿಟ್ಟಿಲ್ಲ. ಆತನ ವಿಮಾನವೇ ಹಾರಲಿಲ್ಲ. ಇವರಿಗೆ ಕುತೂಹಲವಿಲ್ಲವೆಂದು ಹೇಳುವವರು ಅಡಿಕೆ ತೋಟದವನ ಪ್ರಶ್ನೆಗೆ ಉತ್ತರ ಹುಡುಕಿ ನೋಡಲಿ.

ವಕೀಲನ ಪತ್ರದ ಕೊನೆಯ ಭಾಗವನ್ನು ಇಲ್ಲಿ ಬಿಡುವುದು ಸಾಧ್ಯವಿಲ್ಲ. ‘ನಮ್ಮ ತರಗತಿಯಲ್ಲಿ ಐದಾರು ಭಾಷೆಯ ಮಕ್ಕಳಿದ್ದರು. ಎಲ್ಲರ ಭಾಷೆಯ ಬೈಗುಳಗಳೂ ನನಗೆ ಬರುತ್ತಿದ್ದವು. ಆದರೆ ಕೊನೆಯ ಬೆಂಚಿನಲ್ಲಿದ್ದ ಕೊರಗರ ಹುಡುಗನು ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತಾನೆಂದು ನಾನು ಏಳು ವರ್ಷ ಕೇಳಲೇ ಇಲ್ಲ. ಕೊರಗರಿಗೆ ಸ್ವಂತ ಭಾಷೆಯಿದೆ ಎಂದು ತಿಳಿದುದು ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ.’ ಯಾರ ವಿಷಯದಲ್ಲಿ ಕುತೂಹಲ ಹುಟ್ಟಬೇಕು, ಯಾರ ವಿಷಯದಲ್ಲಿ ಹುಟ್ಟಬಾರದು ಎಂಬುದನ್ನೂ ಸಮಾಜವೇ ಮಕ್ಕಳಿಗೆ ಮೌನವಾಗಿ ಕಲಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯವಿರಬೇಕೆಂಬ ಸಂವಿಧಾನದ 350ಎ ವಿಧಿಯು ಸೇರಿಸಲ್ಪಟ್ಟುದು 1956ರಲ್ಲಿ, ಗಡಿಗಳನ್ನು ಎಳೆದ ಆ ವರ್ಷದಲ್ಲಿಯೇ. ಗಡಿನಾಡ ಕನ್ನಡಿಗರಾದ ನಾವು ಅದನ್ನು ಎಲ್ಲ ಮನವಿಗಳಲ್ಲಿಯೂ ಉದ್ಧರಿಸುತ್ತೇವೆ, ಉದ್ಧರಿಸಬೇಕು. ಕೊರಗರ ಹುಡುಗನ ಪರವಾಗಿ ಅದನ್ನು ಉದ್ಧರಿಸಿದ ಮನವಿಯನ್ನು ಈ ಮೂವತ್ತು ವರ್ಷಗಳಲ್ಲಿ ನಾವು ಕಂಡಿಲ್ಲ.

ಮಗುವಿಗೆ ಯಾವ ಮಾತು?

ಪ್ರಶ್ನೆ ಕೇಳಿದವರು ನಾವಾದರೂ ಅತಿ ಮುಖ್ಯವಾದ ಪ್ರಶ್ನೆ ನಮಗೇ ಮರಳಿ ಬಂತು. ಇಂಜಿನಿಯರನ ಪತ್ನಿ ಕೋಝಿಕ್ಕೋಡಿನವಳು. ಮನೆಯಲ್ಲಿ ಮೂರು ವರ್ಷದ ಮಗಳು. ಆಟದ ಶಾಲೆಯವರು, ಮನೆಯಲ್ಲಿ ಹಲವು ಭಾಷೆ ಬೆರೆಸಿದರೆ ಮಗುವಿಗೆ ಗೊಂದಲವಾಗುತ್ತದೆ, ಇಂಗ್ಲಿಷ್ ಒಂದನ್ನೇ ಆಡಿರಿ ಎಂದು ಉಪದೇಶಿಸಿದ್ದಾರೆ. ದಂಪತಿಗಳು ಅದನ್ನು ಪಾಲಿಸಿದರು. ಈಗ ಭಾನುವಾರ ಊರಿಗೆ ಫೋನು ಮಾಡಿದಾಗ ತುಳು ಮಾತ್ರ ಬಲ್ಲ ಅಜ್ಜಿಯೂ ಇಂಗ್ಲಿಷ್ ಮಾತ್ರ ಬಲ್ಲ ಮೊಮ್ಮಗಳೂ ಪರದೆಯಲ್ಲಿ ಪರಸ್ಪರ ಮುಖ ನೋಡಿ ಕೈಬೀಸುತ್ತಾರೆ, ಮಾತಿಲ್ಲ. ‘ಏನು ಮಾಡಲಿ ಮಾಸ್ತರೇ?’

ಈ ಪ್ರಶ್ನೆಗೆ ಕೇವಲ ಅಭಿಮಾನದಿಂದ ಉತ್ತರಿಸುವುದು ಸಲ್ಲದು. ಎರಡು ಭಾಷೆ ಮಗುವಿನ ಬುದ್ಧಿಗೆ ಹೊರೆಯೆಂಬ ಅಭಿಪ್ರಾಯ ಒಂದು ಕಾಲದಲ್ಲಿ ಪಂಡಿತರಲ್ಲಿಯೂ ಪ್ರಬಲವಾಗಿತ್ತು. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರು ಒಂದನ್ನೇ ಬಲ್ಲವರಿಗಿಂತ ಮುಂದಿದ್ದುದು ಕಂಡಿತು. ಮಕ್ಕಳನ್ನು ಆಯ್ದುಕೊಂಡ ರೀತಿಯ ಬಗೆಗೆ ಅನಂತರ ಆಕ್ಷೇಪಗಳು ಬಂದುದುಂಟು. ನಮಗೆ ಹೆಚ್ಚು ಸಮೀಪದ್ದು ಒಡಿಶಾದ ಅಜಿತ್ ಮೊಹಾಂತಿಯವರ ಅಧ್ಯಯನ. ಅಲ್ಲಿಯ ಕೊಂಧ ಜನರಲ್ಲಿ ಕೆಲವು ಕಡೆ ಸ್ವಂತ ಭಾಷೆಯಾದ ಕುಯಿ ಅಳಿದು ಒಡಿಯಾ ಮಾತ್ರ ಉಳಿದಿದೆ. ಕೆಲವು ಕಡೆ ಎರಡೂ ಉಳಿದಿವೆ. ಜನಾಂಗ ಒಂದೇ, ಬಡತನವೂ ಒಂದೇ. ಹೋಲಿಸಿ ನೋಡಿದಾಗ ಎರಡು ಭಾಷೆಯ ಮಕ್ಕಳೇ, ಅದರಲ್ಲಿಯೂ ಭಾಷೆಯ ಬಗೆಗೆ ಆಲೋಚಿಸುವ ಶಕ್ತಿಯಲ್ಲಿ, ಮುಂದಿದ್ದರು. ಮಗು ಎರಡು ಭಾಷೆಗಳನ್ನು ಬೆರೆಸಿ ಮಾತನಾಡುವುದು ಗೊಂದಲದ ಲಕ್ಷಣವೂ ಅಲ್ಲ. ಕಾಸರಗೋಡಿನ ಪೇಟೆಯಲ್ಲಿ ಮೀನು ಮಾರುವವಳೂ ಬೆರೆಸುತ್ತಾಳೆ, ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ.

ನಾವು ಹೀಗೆ ಬರೆದೆವು: ತಾಯಿ ಮಲಯಾಳದಲ್ಲಿ ಮಾತನಾಡಲಿ, ನೀನು ತುಳುವಿನಲ್ಲಿ ಮಾತನಾಡು, ಕನ್ನಡ ಬೀದಿಯಲ್ಲಿ ಸಿಗುತ್ತದೆ, ಇಂಗ್ಲಿಷನ್ನು ಶಾಲೆಯವರು ಹೇಗೂ ಕಲಿಸುತ್ತಾರೆ. ರಾತ್ರಿಯ ಕಥೆಯೊಂದನ್ನು ಮಾತ್ರ ಕನ್ನಡ ಪುಸ್ತಕದಿಂದ ಓದಿ ಹೇಳು. ಅಕ್ಷರಕ್ಕೆ ಅವಸರ ಬೇಡ. ಭಾನುವಾರ ಫೋನು ಮಾಡುವಾಗ ಅಜ್ಜಿಯಿಂದ ಒಂದು ಒಗಟು ಕೇಳಿಸು.

ಎರಡು ತಿಂಗಳ ಬಳಿಕ ಉತ್ತರ ಬಂದಿದೆ. ಆಟದ ಶಾಲೆಯವರಿಗೆ ಅಸಮಾಧಾನವಿದೆಯಂತೆ. ಮಗು ಹೂವನ್ನು ಒಮ್ಮೆ ಪೂ ಎಂದೂ ಒಮ್ಮೆ ಫ್ಲವರ್ ಎಂದೂ ಕರೆಯುತ್ತಿದೆ. ಅಜ್ಜಿಯ ಒಗಟುಗಳು ಮುಗಿದುಹೋಗಿವೆಯಂತೆ, ಬೇರೆಯವು ಬೇಕಾಗಿವೆ. ನಮ್ಮ ವಾಚಕರಲ್ಲಿ ತುಳು ಒಗಟುಗಳನ್ನು ಬಲ್ಲವರು ಬರೆದು ಈ ಮಾಸಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ತಲಪಿಸುವ ಹೊಣೆ ನಮ್ಮದು. ಕೊರಗ ಭಾಷೆಯಲ್ಲಿ ಒಂದಾದರೂ ಒಗಟು ಬಲ್ಲವರು ಇದ್ದರೆ ಅದನ್ನೂ ಬರೆಯಬೇಕು, ವಕೀಲನು ಕೇಳಿದ್ದಾನೆ.